ನಳದ ಬಳಿ ನಿಂತ ಮರಿಲಿಂಗಪ್ಪ

"ಅವ್ವಾ, ಆ ಮುತ್ಯಾ ನಳದ ಹತ್ರಾನೇ ನಿಂತಾನಲ್ಲ. ಮತ್ತ್ಯಾಕ ನೀರು ಯಾರು ಕೊಟ್ರು, ನೀರು ಯಾರು ಕೊಟ್ರು ಅಂತ ಎಲ್ಲರಿಗೂ ಕೇಳ್ತಾನ?"

ನನ್ನ ಮಗಳು ಮೌನಿಕಾ ಹೀಗೆ ಕೇಳಿದಾಗ ನಾನು ಚೀಟಿ ಕೌಂಟರಿನಲ್ಲಿ ಕುಳಿತಿದ್ದೆ. ನನ್ನ ಹಿಂದಿನ ಕಪಾಟಿನಿಂದ ಹತ್ತಿಯ ಉಂಡೆ ತೆಗೆಯುತ್ತಿದ್ದ ನರ್ಸ್ ಅಂಬರೀನಳ ಕೈ ಅಲ್ಲೇ ನಿಂತಿತು.

"ಸುಮ್ಮ ಕೂಡು. ಆ ಕಡಿ ನೋಡಬ್ಯಾಡ," ಅಂದೆ.

"ನೋಡಿದ್ರ ಏನಾಗ್ತದ?"

ಒಂದನೆಯ ತರಗತಿಯ ಮಗು, ಕೇಳುತ್ತದೆ. ಏನಾಗುತ್ತದೆ ಎಂಬುದು ನಮಗೇ ಗೊತ್ತಿರಲಿಲ್ಲ. ಹೆದರಿಕೆಯೆಲ್ಲ ಅದರದ್ದೇ.

ನಾನು ಕೆಲಸ ಮಾಡುವುದು ಶಹಾಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ. ಹೆಸರು ಬರೆಯಬೇಡ ಎಂದು ಅಂಬರೀನ ಹೇಳಿದ್ದಾಳೆ, ಬರೆಯುವುದಿಲ್ಲ. ಡಾಕ್ಟರು ಒಬ್ಬರೇ. ಮುಂದೆ ಚೀಟಿ ಕೌಂಟರು, ಹಿಂದೆ ಉದ್ದನೆಯ ವಾರ್ಡು. ಕುಡಿಯುವ ನೀರಿನ ನಳ ಮಾತ್ರ ಗೇಟಿನ ಆಚೆ, ಕಂಪೌಂಡಿನ ಹೊರಗೋಡೆಗೆ ಇದೆ. ಹತ್ತಿ ತುಂಬಿಕೊಂಡು ಬರುವ ಗಾಡಿಯವರೂ ಕುಡಿಯಲಿ ಎಂದು ಡಾಕ್ಟರ ತಂದೆ ಹಾಕಿಸಿದ್ದಂತೆ. ನಮ್ಮ ಮನೆಯವರು ಹತ್ತಿ ಅಂಗಡಿಯ ಕೆಲಸ ಮುಗಿಸಿ ಬರುವುದು ಸಂಜೆಗೆ. ಹೀಗಾಗಿ ಶಾಲೆ ಬಿಟ್ಟ ಮೇಲೆ ಮೌನಿಕಾ ನನ್ನ ಕೌಂಟರಿನ ಹಿಂದಿನ ಬೆಂಚಿನ ಮೇಲೆ ಇರುತ್ತಾಳೆ. ಅಲ್ಲಿಂದ ಗೇಟೂ ಕಾಣುತ್ತದೆ, ಗೇಟಿನ ಸರಳುಗಳ ಆಚೆ ನಳದ ಕಟ್ಟೆಯೂ ಕಾಣುತ್ತದೆ.

ಅವಳು ಮುತ್ಯಾ ಎಂದ ಆ ಮುದುಕನ ಹೆಸರು ಮರಿಲಿಂಗಪ್ಪ. ಅವನ ಹೆಂಡತಿ ಸಾಯಬಮ್ಮ ಅನ್ನನಾಳದ ಕ್ಯಾನ್ಸರಿನಿಂದ ನಮ್ಮ ವಾರ್ಡಿನಲ್ಲೇ ತೀರಿಕೊಂಡಿದ್ದಳು. ಅವಳನ್ನು ಊರಿನಲ್ಲಿ ಮಣ್ಣು ಮಾಡಿದ ಮರುದಿನದಿಂದ ಅವನು ದಿನವೂ ಬಸ್ಸು ಹಿಡಿದು ಬಂದು ನಳದ ಬಳಿ ನಿಲ್ಲತೊಡಗಿದ. ಗೇಟಿನೊಳಗೆ ಕಾಲಿಡುತ್ತಿರಲಿಲ್ಲ. ಒಳಗಿನಿಂದ ಆಯಾ ಬರಲಿ, ಔಷಧಿ ಅಂಗಡಿಯವನು ಬರಲಿ, ಅಡ್ಡ ಬಂದು ಒಂದೇ ಪ್ರಶ್ನೆ: "ನಮ್ಮ ಸಾಯಬಮ್ಮನ ಬಾಯಿಗಿ ಕಡೀಕ ನೀರು ಬಿಟ್ಟವರು ಯಾರು?"

ಬಿಟ್ಟವಳು ಅಂಬರೀನ. ಅದು ಗೊತ್ತಿದ್ದದ್ದು ಅವಳಿಗೆ, ಮತ್ತೆ ನನಗೆ. ಸಾಯಬಮ್ಮನ ತಲೆಯ ಮೇಲೆ ಡಾಕ್ಟರು ಕೆಂಪಕ್ಷರದ ಬೋರ್ಡು ತೂಗು ಹಾಕಿಸಿದ್ದರು: ಬಾಯಿಂದ ಏನೂ ಕೊಡಬಾರದು, ನೀರು ಸಹಿತ.

*

ಆ ಗಂಡ-ಹೆಂಡತಿ ನಾರಾಯಣಪುರದ ಕಡೆಯ ಹೊಳೆದಂಡೆಯವರು. ಅವನು ಡ್ಯಾಮಿನ ಹಿನ್ನೀರಿನಲ್ಲಿ ಹರಗೋಲು ಹಾಕಿ ಬಲೆ ಬೀಸುವವನು. ಅವಳು ಬುಟ್ಟಿ ಹೊತ್ತು ಕೊಡೇಕಲ್ಲಿನ ತನಕ ಮೀನು ಮಾರುವವಳು. ಮಕ್ಕಳಿರಲಿಲ್ಲ. ಕಲಬುರಗಿಯಲ್ಲಿ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿದ್ದರು, ಸಲೈನಿನಂತೆ ಕ್ಯಾನ್ಸರಿನ ಔಷಧಿ ಹಾಕಿಸಿದ್ದರು. ಕೊನೆಗೆ ಅಲ್ಲಿಯವರು, ಇನ್ನು ಊರ ಹತ್ತಿರವೇ ಎಲ್ಲಾದರೂ ಇಟ್ಟು ನೋಡಿಕೊಳ್ಳಿ ಅಂದರು. ಹೀಗೆ ನಮ್ಮಲ್ಲಿಗೆ ಬಂದರು.

ಮೊದಲ ದಿನ ಮರಿಲಿಂಗಪ್ಪ ಮೆಟ್ಟು ಹೊರಗೆ ಬಿಟ್ಟು ಒಳಬಂದಿದ್ದ, ಗುಡಿಗೆ ಬಂದವರ ಹಾಗೆ. ವಾಚ್‌ಮನ್ ಮಲ್ಲಿನಾಥ, "ಯಜಮಾನ್ರ, ಮೆಟ್ಟು ಹಾಕ್ಕೊಂಡೇ ಬರ್ರಿ, ಸೂಜಿ ಚುಚ್ಚೀತು," ಅಂದರೆ, "ಹೊಳ್ಯಾಗ ಮುಳ್ಳಿನ ಮೀನ ಚುಚ್ಚಿಸಿಕೊಂಡ ಕಾಲು ಇದು, ನಿಮ್ಮ ಸೂಜಿ ಏನು ಮಾಡ್ತದ?" ಎಂದಿದ್ದ. ಆಮೇಲೆ ಇಬ್ಬರಿಗೂ ದೋಸ್ತಿಯಾಯಿತು. ಬೆಳಿಗ್ಗೆ ನನ್ನ ಕಿಟಕಿಗೆ ಬಂದು ಚೀಟಿ ಬೇಕಿರಲಿ ಬೇಡದಿರಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಅವರ ಸಂಸಾರದ ಕಥೆಯೆಲ್ಲ ನನಗೆ ಗೊತ್ತಾದದ್ದು ಹಾಗೆ.

ಸಾಯಬಮ್ಮನ ಕೂಗು ಊರಿಗೇ ಹೆಸರಾಗಿತ್ತಂತೆ. ಅವನು ಹೊಳೆಯ ನಡುವೆ ಬಲೆ ಎಳೆಯುತ್ತಿದ್ದರೆ ಅವಳು ದಂಡೆಯಲ್ಲಿ ನಿಂತು, "ಉಣ್ಣಾಕ ಬರ್ತೀಯೋ, ಮೊಸಳಿಗಿ ಊಟ ಆಗ್ತೀಯೋ?" ಎಂದು ಕೂಗುತ್ತಿದ್ದಳು. ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರು, "ಮರಿಲಿಂಗಪ್ಪಾ, ಹೋಗಪಾ, ಸಾರು ಆರ್ತದ," ಎಂದು ನಗುತ್ತಿದ್ದರು. "ಅಷ್ಟು ದೂರದಿಂದ ಕರದ್ರೂ ನಾ ಒಮ್ಮಿನೂ ಕೇಳಿಲ್ಲ ಅಂದಿಲ್ಲ ನೋಡು ಯವ್ವ," ಎಂದು ಅವನು ನನ್ನ ಕಿಟಕಿಯ ಸರಳು ಹಿಡಿದು ಹೇಳಿದ್ದ. ಆ ಕೂಗಿನ ಗಂಟಲಿಗೇ ರೋಗ ಬಂದು ಕುಳಿತಿತ್ತು. ನಮ್ಮಲ್ಲಿಗೆ ಬರುವಷ್ಟರಲ್ಲಿ ಕಿವಿ ಅವಳ ಬಾಯಿಗೆ ಹಚ್ಚಿದರೆ ಮಾತ್ರ ಮಾತು ಕೇಳುತ್ತಿತ್ತು.

ಕೊಂಕು ಮಾತ್ರ ಹೋಗಿರಲಿಲ್ಲ. ಅಂಬರೀನ ಕೂದಲು ಬಾಚಿದರೆ, "ನನಗೇನ ಮದುವಿ ಮಾಡ್ತೀಯೇನು? ಈ ಮುದುಕನ ಏನು ಮಾಡಲಿ ಮತ್ತ?" ಅನ್ನುತ್ತಿದ್ದಳು. ಅಂಬರೀನ ನಗುತ್ತ, "ಆಯಿ, ಮುತ್ಯಾಗ ನಾ ಹುಡುಕ್ತೀನಿ ಬೇರೆ," ಅಂದರೆ, ಸಾಯಬಮ್ಮ ಅವನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದಳು. ವಾರ್ಡಿನ ಬೇರೆ ರೋಗಿಗಳು ಆ ಮಂಚದ ಕಡೆ ಮುಖ ಮಾಡಿ ಮಲಗುತ್ತಿದ್ದರು.

ಆಮೇಲೆ ನೀರೂ ಕೆಳಗಿಳಿಯದಂತಾಯಿತು. ಕುಡಿದದ್ದು ಉಸಿರಿನ ಕೊಳವೆಗೆ ಹೋಗಿ ಒಮ್ಮೆ ಮುಖವೆಲ್ಲ ನೀಲಿಯಾಯಿತು. ಅಂದೇ ಡಾಕ್ಟರು ಬೋರ್ಡು ಹಾಕಿಸಿದ್ದು. ಮರಿಲಿಂಗಪ್ಪ ಓದಲಾರ, ಬೋರ್ಡಿನಲ್ಲಿ ಏನಿದೆ ಎಂದು ನನ್ನನ್ನು ಕೇಳಿ, ಮತ್ತೊಮ್ಮೆ ಡಾಕ್ಟರನ್ನು ಕೇಳಿ ಖಾತ್ರಿ ಮಾಡಿಕೊಂಡ. ಅಂದಿನಿಂದ ಮಂಚದ ಹತ್ತಿರ ತಂಬಿಗೆ ಕಾಣಲಿಲ್ಲ. ಸಾಯಬಮ್ಮ ಕೈಸನ್ನೆ ಮಾಡಿದರೆ ಮುಖ ಆ ಕಡೆ ತಿರುಗಿಸುತ್ತಿದ್ದ. "ಹೊಳಿ ತುಂಬ ನೀರು ಅದ, ನನಗ ಒಂದು ಗುಟುಕಿಲ್ಲ ನೋಡವ್ವ," ಎಂದು ಅವಳು ಅಂಬರೀನಳ ಕಿವಿಯಲ್ಲಿ ಹೇಳಿದ್ದಳಂತೆ.

ತೀರಿಕೊಂಡದ್ದು ಒಂದು ಮಧ್ಯಾಹ್ನ. ಆ ಹೊತ್ತಿಗೆ ಮರಿಲಿಂಗಪ್ಪ ಮಂಚದ ಬಳಿ ಇರಲಿಲ್ಲ. ಹೊರಗೆ ಹೋಗಿದ್ದ. ಆಯಾ ವಾರ್ಡಿನ ಬಾಗಿಲಿಗೆ ಬಂದು ಕೂಗಿದಳು. ಅವನು ಬರುವಷ್ಟರಲ್ಲಿ ಮುಗಿದಿತ್ತು. ಅವನು ಅಳಲಿಲ್ಲ. ಹೆಂಡತಿಯನ್ನು ಗಾಡಿಗೆ ಏರಿಸಿದ, ತಾನೂ ಹತ್ತಿದ. ಯಾರಿಗೂ ಒಂದು ಮಾತು ಹೇಳದೆ, ಹಿಂದೆ ತಿರುಗಿಯೂ ನೋಡದೆ ಹೋದ. ಅಷ್ಟು ದಿನ ನಮ್ಮ ಜೊತೆ ಮಾತಾಡಿದ ಮನುಷ್ಯ ಹೀಗೆ ಹೋದದ್ದು ನಮ್ಮೆಲ್ಲರ ಎದೆಯಲ್ಲಿ ಕುಳಿತಿತ್ತು.

ಅಂದು ಅಂಬರೀನ ನನ್ನ ಜೊತೆ ಆಟೋದಲ್ಲಿ ಮನೆಗೆ ಬಂದಳು. ನಾವಿಬ್ಬರೂ ಒಂದೇ ಓಣಿಯವರು. ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಾಳೆ ಎಂದುಕೊಂಡು ಅವಳು ಮೆಲ್ಲಗೆ ಬಾಯಿ ಬಿಟ್ಟಳು.

"ಅಕ್ಕಾ, ಆಯಿ ಕೈ ಮುಗದ್ಲು. ಕೈ ಮುಗದವರಿಗೆ ಬೋರ್ಡ್ ತೋರಿಸಲೇನು? ಮೊದಲ ಬಿಳಿ ಬಟ್ಟಿ ತೊಯಿಸಿ ತುಟಿಗಿ ಹಚ್ಚಿದೆ. ಮತ್ತ ಕೈ ಮುಗದ್ಲು. ಒಂದು ಚಮಚ ಬಿಟ್ಟೆ. ಕೆಮ್ಮಿದ್ಲು. ಆಮ್ಯಾಲ ಉಸರು ಸಣ್ಣ ಆಗ್ತಾ ಆಗ್ತಾ..." ಬುರ್ಖಾದ ಅಂಚಿನಿಂದ ಬಾಯಿ ಒತ್ತಿಕೊಂಡಳು. "ನನ್ನ ಚಮಚಾನೇ ಕೊಂದಿತೇನಕ್ಕ?"

ನಾನು ಡಾಕ್ಟರಲ್ಲ. ಅವಳ ಕೈ ಹಿಡಿದುಕೊಂಡೆ. ಆಟೋದವನು ಕನ್ನಡಿಯಲ್ಲಿ ನೋಡಿದ, ಇಬ್ಬರೂ ರಸ್ತೆಯ ಕಡೆ ತಿರುಗಿದೆವು.

*

ಅದಾದ ಮೇಲೆಯೇ ಅವನು ನಳದ ಬಳಿ ಬಂದು ನಿಂತದ್ದು, ಅದೇ ಪ್ರಶ್ನೆ ಕೇಳತೊಡಗಿದ್ದು.

ಬೇರೆ ಊರಿನ ಯಾವುದೋ ಆಸ್ಪತ್ರೆಯಲ್ಲಿ ಸತ್ತವರ ಕಡೆಯವರು ಗಾಜು ಒಡೆದು, ನರ್ಸ್ ಒಬ್ಬಳನ್ನು ಮೆಟ್ಟಿಲ ಮೇಲಿಂದ ಎಳೆದ ವಿಡಿಯೋ ಆಗ ಎಲ್ಲರ ಮೊಬೈಲಿನಲ್ಲೂ ಇತ್ತು. ಅದನ್ನು ನೋಡಿದ ಕಣ್ಣಿನಿಂದಲೇ ನಾವು ಅವನನ್ನು ನೋಡಿದೆವು. ದೋಸ್ತಿ ಇತ್ತಲ್ಲ ಎಂದು ಮಲ್ಲಿನಾಥನೇ ಮೊದಲು ಹೋಗಿ ಮಾತಾಡಿಸಿದ.

"ಯಜಮಾನ್ರ, ಯಾಕ ಬೇಕು ನಿಮಗ ಅದೆಲ್ಲ?"

"ಹೆಸರು ಹೇಳಪಾ, ಸಾಕು."

"ಹೇಳಿದ್ರ ಏನು ಮಾಡ್ತೀರಿ?"

"ಅದು ನಂದು, ಅವರದು. ನಡಬರಕ ನಿನಗ್ಯಾಕ?"

"ಒಳಗರೆ ಬರ್ರಿ, ಕುಂತು ಮಾತಾಡೋಣ."

"ಒಳಗ ಬರಂಗಿಲ್ಲ ನಾ."

ಮಲ್ಲಿನಾಥ ಬಂದು ನನ್ನ ಕಿಟಕಿಯಲ್ಲಿ ಹೇಳಿದ: "ಮುಖ ನೋಡಬೇಕು ನೀವು. ಮೀನಿಗಿ ಕುಂತಂಗ ಕುಂತಾನ. ಕಣ್ಣು ಸಹಿತ ಮಿಟಕಸಂಗಿಲ್ಲ." ಅಂಬರೀನ ಅಲ್ಲೇ ಇದ್ದಳು. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ತಾಯಿ ಚಮನಬೀಗೆ ಕಣ್ಣು ಮಂಜಾಗಿದೆ. ಡಾಕ್ಟರ ಮಾತು ಮೀರಿ ನೀರು ಕೊಟ್ಟಳು, ರೋಗಿ ಸತ್ತಳು ಎಂದು ಹೊರಗೆ ಬಂದರೆ ಈ ಕೆಲಸವೂ ಹೋದಂತೆ, ಯಾದಗಿರಿ ಸುರಪುರದ ಕಡೆ ಬೇರೆ ಯಾರೂ ತೆಗೆದುಕೊಳ್ಳುವುದೂ ಇಲ್ಲ. ಅಂದಿನಿಂದ ಕರೆದರೆ ಬೆಚ್ಚುತ್ತಿದ್ದಳು.

ಡಾಕ್ಟರು ಎಲ್ಲರನ್ನೂ ಕೂಡಿಸಿ ಕೇಳಿದರು. "ಯಾರಾದರೂ ಆ ಅಮ್ಮನಿಗೆ ನೀರು ಕೊಟ್ಟಿದ್ದೀರಾ?" ಯಾರೂ ಬಾಯಿ ಬಿಡಲಿಲ್ಲ. "ಸರಿ. ಅವನ ಜೊತೆ ಯಾರೂ ಮಾತಾಡಬೇಡಿ," ಎಂದು ಎದ್ದರು.

ಮಾತಾಡದೆ ಇರಬಹುದು, ಹೊರಗೆ ಹೋಗದೆ ಇರಲಾದೀತೆ? ಆ ಸಂಜೆ ನಾನು, ಮಗಳು, ಅಂಬರೀನ ಮೂವರೂ ಹೊರಟೆವು. ಅಂಬರೀನ ಬುರ್ಖಾದ ಮುಸುಕು ಪೂರಾ ಇಳಿಸಿದ್ದಳು. ವಾರ್ಡಿನಲ್ಲಿ ಬಿಳಿ ಕೋಟಿನ ಅವಳನ್ನೇ ನೋಡಿದ್ದ ಅವನಿಗೆ ಗುರುತು ಹತ್ತಲಿಕ್ಕಿಲ್ಲ ಎಂಬ ಧೈರ್ಯ. ಗೇಟು ದಾಟುತ್ತಲೂ ಅವನು ಗೋಡೆ ಬಿಟ್ಟು ಎದುರಿಗೆ ಬಂದ. ಗಡ್ಡ ಬೆಳೆದಿತ್ತು. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

"ಯವ್ವಾ, ನೀ ಕಿಟಕ್ಯಾಗ ಕುಂತಾಕಿ. ನಿನಗ ಎಲ್ಲಾ ಗೊತ್ತಿರ್ತದ. ನಮ್ಮಾಕಿಗಿ ನೀರು ಯಾರು ಬಿಟ್ರು?"

ಅಂಬರೀನಳ ಉಗುರು ನನ್ನ ಮುಂಗೈಯಲ್ಲಿ ಇಳಿಯಿತು.

"ಗೊತ್ತಿಲ್ಲ ಕಾಕಾ. ಆಟೋ ನಿಂತದ," ಎಂದು ಮಗಳನ್ನು ಎಳೆದುಕೊಂಡು ನಡೆದೆ. ಹಿಂದಿನಿಂದ ಅವನ ದನಿ ಬಂತು: "ನಾಡಿದ್ದಿನ ತನಕ ಅಷ್ಟ ಯವ್ವ. ನಾಡಿದ್ದಿನ ಒಳಗ ಹೆಸರು ಬೇಕೇ ಬೇಕು ನನಗ."

ನಾಡಿದ್ದು ಏನು? ಆಟೋದಲ್ಲಿ ಕೂತು ಇಬ್ಬರೂ ಅದನ್ನೇ ನೆನೆದೆವು. ಮೌನಿಕಾ ಒಮ್ಮೆ ನನ್ನ ಮುಖ, ಒಮ್ಮೆ ಅಂಬರೀನಳ ಮುಸುಕು ನೋಡಿದಳು. "ಅವನ ತುಟಿ ಒಡದಾವ," ಅಂದಳು. ಆ ಮಾತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗೇಟಿನಲ್ಲಿದ್ದ ಮಲ್ಲಿನಾಥ ನಾಡಿದ್ದಿನ ಮಾತನ್ನು ಡಾಕ್ಟರಿಗೆ ಮುಟ್ಟಿಸಿದ. ಅವರು, "ನಾಳೆಯೂ ನಿಂತರೆ ಪೊಲೀಸರಿಗೆ ಫೋನ್ ಮಾಡುತ್ತೇನೆ," ಎಂದು ಮಲ್ಲಿನಾಥನಿಗೆ ಹೇಳಿಬಿಟ್ಟರು.

*

ಮರುದಿನವೂ ಅವನು ನಿಂತ.

ಅಂದು ಕೌಂಟರಿನಲ್ಲಿ ಜನ ಬಹಳ. ಜ್ವರದ ಮಕ್ಕಳು, ನಾಟಿ ಕೆಲಸದಲ್ಲಿ ಕಾಲು ಕೊಯ್ದುಕೊಂಡ ಹೆಂಗಸರು. ತಲೆ ಎತ್ತಲು ಪುರಸೊತ್ತಿಲ್ಲ. ಒಮ್ಮೆ ಎತ್ತಿ ಹಿಂದೆ ನೋಡಿದರೆ ಬೆಂಚು ಖಾಲಿ. ಪಾಟಿಚೀಲ ಇದೆ, ನೀರಿನ ಬಾಟಲಿ ಇಲ್ಲ, ಮಗಳಿಲ್ಲ.

ಕಿಟಕಿಯಿಂದ ಗೇಟಿನ ಕಡೆ ಕಣ್ಣು ಹಾಯಿತು. ನಳದ ಬಳಿ ಮರಿಲಿಂಗಪ್ಪ ಕುಕ್ಕರಗಾಲಿನಲ್ಲಿ ಕುಳಿತಿದ್ದಾನೆ. ಅವನ ಎರಡು ಕೈಯ ನಡುವೆ ನನ್ನ ಮಗಳು.

ಪಾಳಿಯವರನ್ನು ಹೇಗೆ ದಾಟಿದೆನೋ ಗೊತ್ತಿಲ್ಲ. ಓಡಿದೆ. ಮೆಟ್ಟಿಲಲ್ಲಿ ಒಂದು ಚಪ್ಪಲಿ ಉಳಿಯಿತು. ಮಲ್ಲಿನಾಥ ನನ್ನನ್ನು ನೋಡಿ ಕೋಲು ತೆಗೆದುಕೊಂಡು ಹಿಂದೆ ಬಂದ. ಹತ್ತಿರ ಹೋದಂತೆ ಕಂಡಿತು: ಅವನ ಕೈಯಲ್ಲಿ ಮಗುವಿನ ಗುಲಾಬಿ ಮುಚ್ಚಳದ ಬಾಟಲಿ. ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಾಳೆ, ನಾನು ಅವಳಿಗೆ ಹಾಲು ಕುಡಿಸುವಾಗ ನಿಂತ ಹಾಗೆ.

"ಕುಡಿ ಮುತ್ಯಾ. ನಾ ಎಂಜಲಾ ಮಾಡಿಲ್ಲ."

"ಆಮ್ಯಾಲ ಕುಡೀತೀನವ್ವ."

"ಯಾರು ಕೊಟ್ರು ಅಂತ ಹೇಳಿದ್ರ ಕುಡೀತೀಯಾ?"

"ಮೌನಿಕಾ!" ನಾನು ಚೀರಿದೆ.

ಅವಳು ನನ್ನ ಕಡೆ ತಿರುಗಿ, ಮತ್ತೆ ಅವನ ಕಡೆ ತಿರುಗಿ, ಗಡಿಬಿಡಿಯಲ್ಲಿ ಎಲ್ಲ ಹೇಳಿ ಮುಗಿಸಿದಳು: "ಅಂಬರೀನ ಆಂಟಿ ಕೊಟ್ಟಾಳ. ಚಮಚಲೆ ಕೊಟ್ಟಾಳ. ಈಗ ದಿನಾ ಅಳಾಕತ್ತಾಳ."

ಆಟೋದಲ್ಲಿ ನಿದ್ದೆ ಹೋಗಿರಲಿಲ್ಲ ಹುಡುಗಿ.

ಮಗಳನ್ನು ಎಳೆದು ನನ್ನ ಹಿಂದೆ ಹಾಕಿಕೊಂಡೆ. "ಕಾಕಾ, ಆಕಿ ಇನ್ನಾ ಸಣ್ಣ ವಯಸ್ಸಿನಾಕಿ. ಸಾಯಬಮ್ಮಾಯಿನೇ ಕೈ ಮುಗದು ಬೇಡ್ಯಾಳ. ನಿಮ್ಮ ಸಿಟ್ಟು ಏನಿದ್ರೂ ಡಾಕ್ಟರ ಮುಂದ ಕುಂತು ಮಾತಾಡೋಣ. ಆಕಿ ಮ್ಯಾಲ ಕೈ ಮಾಡಬ್ಯಾಡ್ರಿ."

"ಸಿಟ್ಟ?" ಅವನು ನನ್ನ ಮುಖ ನೋಡಿದ, ಆಮೇಲೆ ಮಲ್ಲಿನಾಥನ ಕೈಯ ಕೋಲು ನೋಡಿದ. "ಯಾರ ಮ್ಯಾಲ ಸಿಟ್ಟು?"

ಮಲ್ಲಿನಾಥನ ಕೋಲು ಕೆಳಗಿಳಿಯಿತು.

"ಅಳಾಕತ್ತಾಳಂತ ಅಲ್ಲ ಕೂಸು? ಯಾಕ ಅಳ್ತಾಳ ಆ ತಾಯಿ?" ಅವನ ದನಿ ಒಡೆಯಿತು. ನಳದ ಕೆಳಗಿನ ಸಿಮೆಂಟು ಕಟ್ಟೆಯ ಮೇಲೆ ಕುಸಿದು ಕುಳಿತ. ಆಮೇಲೆ ನೆಲ ನೋಡುತ್ತ ಹೇಳಿದ.

"ಬೋರ್ಡು ಹಾಕಿದ ಮ್ಯಾಲ ಆಕಿ ಮುಂದ ನಾ ನೀರು ಕುಡದಿಲ್ಲ ಯವ್ವ. ಆಕಿ ಬಾಯಿ ಒಣಗಿಸಿಕೊಂಡು ಮಲಗಿರಬೇಕಾದ್ರ ಎದುರಿಗಿ ಹ್ಯಾಂಗ ಕುಡೀಲಿ? ನೀರಡಿಸಿದಾಗ ಇಲ್ಲಿಗಿ ಬರ್ತಿದ್ದೆ, ಈ ನಳಕ್ಕ. ಆವತ್ತೂ ಇಲ್ಲೇ ಇದ್ದೆ. ಹೊಟ್ಟಿ ತುಂಬ ಕುಡದು, ಮುಖ ತೊಳಕೊಂಡು ಹೋಗೋತನಕ ಆಕಿ ಹೋಗ್ಯಾಳ. ನಾ ನೀರು ಕುಡಿಯೋ ಹೊತ್ತಿನ್ಯಾಗ ಆಕಿ ನೀರಡಿಸಿ ಸತ್ಲು ಅಂತ ತಿಳಕೊಂಡೆ. ನಿಮಗೆಲ್ಲ ಯಾವ ಮುಖ ಇಟಗೊಂಡು ಮಾತಾಡಲಿ ಹೇಳು? ಹಾಂಗೇ ಹೋದೆ."

ರಸ್ತೆಯಲ್ಲಿ ಹತ್ತಿಯ ಲಾರಿ ಹಾದುಹೋಯಿತು. ಅದು ಹೋಗುವ ತನಕ ಕಾಯ್ದ.

"ಊರಾಗ ಹೆಣ್ಮಕ್ಕಳು ಮೈ ತೊಳಿಯೋ ಮುಂದ ಒಬ್ಬಾಕಿ ಹೊರಗ ಬಂದು ಹೇಳಿದ್ಲು. ತುಟಿ ಒಡದಿಲ್ಲ, ಮುಷ್ಟ್ಯಾಗ ಬಿಳಿ ಬಟ್ಟಿ ತುಣುಕು ಹಿಡದಾಳ, ಇನ್ನಾ ಹಸಿ ಅದ ಅಂತ. ಯಾರೋ ಪುಣ್ಯಾತ್ಮರು ಬಾಯಿಗಿ ನೀರು ಬಿಟ್ಟಾರ! ಅವತ್ತು ಅತ್ತೆ ನೋಡು ನಾ. ನಮ್ಮ ಹೊಳಿದಂಡಿ ಮಂದ್ಯಾಗ ಕಡೀಕ ನೀರು ಬಿಟ್ಟವರೇ ಹೊಟ್ಟ್ಯಾಗ ಹುಟ್ಟಿದ ಮಕ್ಕಳು. ಸತ್ತವರ ದಿನಾ, ತಿಥಿ ಊಟ, ಮಾಡೋವಾಗ ಅವರು ಬಂದು ಮೊದಲಿನ ತುತ್ತು ಉಣ್ಣಬೇಕು. ಅವರು ಉಣ್ಣದ ಹೊರ್ತು ಎಲಿ ಹಾಸಂಗಿಲ್ಲ. ನಾಳಿ ದಿನಾ ಅದ."

"ಇಷ್ಟು ಹೇಳಿದ್ರ ಆಗ್ತಿದ್ದಿಲ್ಲೇನ್ರಿ ಯಜಮಾನ್ರ?" ಮಲ್ಲಿನಾಥ ಕೋಲು ಗೋಡೆಗೆ ಒರಗಿಸಿದ. "ಇಡೀ ಆಸ್ಪತ್ರಿ ಜೀವ ಕೈಯಾಗ ಹಿಡಕೊಂಡು ಕುಂತದ!"

"ಸಾವಿನ ಊಟದ ಸುದ್ದಿ ಹಾದ್ಯಾಗ ನಿಂತು ಕಂ‌ಡಕಂಡವರಿಗಿ ಹೇಳ್ತಾರೇನೋ? ಯಾರಿಗಿ ಹೇಳಬೇಕೋ ಅವರಿಗಷ್ಟ ಹೇಳೋದು. ಒಳಗ ಬರಲಿ ಅಂದ್ರ ಸೂತಕ. ದಿನಾ ಆಗೋತನಕ ಮಂದಿ ಹೊಸ್ತಿಲಾ ತುಳೀಬಾರದು. ಅದರಾಗ ನಿಮ್ಮ ಒಳಗ ಬ್ಯಾನಿ ಮಂದಿ ಮಲಗ್ಯಾರ."

ಮಲ್ಲಿನಾಥ ಏನೋ ಹೇಳಲು ಹೋಗಿ, ಮೊಗಸಾಲೆಯ ಕಡೆ ನೋಡಿ, ಒಮ್ಮೆಲೆ ನನ್ನ ಕಡೆ ತಿರುಗಿದ. "ಅಕ್ಕಾರ, ಡಾಕ್ಟರು! ನೀವು ಓಡಿದ್ದು ನೋಡಿ ಫೋನ್ ತಗೊಂಡಾರ!"

ಮತ್ತೆ ಓಡಿದೆ. ಡಾಕ್ಟರು ಮೊಗಸಾಲೆಯಲ್ಲಿ ಫೋನು ಕಿವಿಗೆ ಹಚ್ಚಿ ನಿಂತಿದ್ದರು. ಅವರ ಎದುರಿಗೆ ಅಂಬರೀನ. ನಾನು ಬಾಯಿ ತೆರೆಯುವ ಮೊದಲೇ ಅವಳು, "ಸರ್, ಫೋನ್ ಇಡ್ರಿ. ನೀರು ನಾನೇ ಕೊಟ್ಟೀನಿ," ಅಂದಳು. ಹೊರಗೆ ನಡೆದದ್ದು ಅವಳಿಗೆ ಗೊತ್ತಿರಲಿಲ್ಲ. ಆ ಮುದುಕನನ್ನು ಪೊಲೀಸರು ಎಳೆದೊಯ್ಯುವುದು ಬೇಡ ಎಂದಷ್ಟೇ ಅವಳು ಹೇಳಿದ್ದು.

ಡಾಕ್ಟರು ಫೋನು ಕೆಳಗಿಳಿಸಿದರು. ನಾನು ಏದುಸಿರು ಬಿಡುತ್ತ ಹೊರಗಿನ ಸಂಗತಿ ಹೇಳಿದೆ. ಅವರು ಫೋನು ಜೇಬಿಗಿಟ್ಟು ಅಂಬರೀನಳಿಗೆ ಹೇಳಿದರು: "ಆ ಅಮ್ಮನ ಉಸಿರು ಬೆಳಿಗ್ಗೆಯಿಂದಲೇ ಇಳಿಯುತ್ತಿತ್ತು. ನಿನ್ನ ಚಮಚದಿಂದ ಏನೂ ಆಗಿಲ್ಲ. ಕೊನೆಯ ಹೊತ್ತಿನಲ್ಲಿ ಬಾಯಿ ತೇವ ಇಡಬೇಕು. ಆ ಬೋರ್ಡು ನಾನು ಅಂದು ಬೆಳಿಗ್ಗೆಯೇ ತೆಗೆಸಬೇಕಾಗಿತ್ತು." ಒಂದು ಹೆಜ್ಜೆ ಹೋಗಿ ತಿರುಗಿದರು. "ಆದರೆ ಕೇಳಿದಾಗ ಹೇಳಬೇಕು, ಅಂಬರೀನ."

"ಹೌದ್ರಿ ಸರ್," ಅಂದಳು. ಕಣ್ಣೀರು ಕೋಟಿನ ಮೇಲೆ ಬೀಳುತ್ತಿತ್ತು.

*

ಅವಳು ಗೇಟಿನ ಒಳಗೆ ನಿಂತಳು, ಅವನು ಹೊರಗೆ. ನಡುವೆ ಸರಿಸಿಟ್ಟ ಗೇಟಿನ ಹಳಿ. ಅವನು ಎರಡೂ ಕೈ ಜೋಡಿಸಿದ. ಅವಳು ಧಾವಿಸಿ ಆ ಕೈ ಬಿಡಿಸಿದಳು.

"ಬ್ಯಾಡ ಮುತ್ಯಾ. ಆಯಿನೂ ಹಿಂಗೇ ಮುಗದ್ಲು. ಇನ್ನ ತಡಕೊಳ್ಳಾಕ ಆಗಂಗಿಲ್ಲ ನನಗ."

"ನೀರು ಕುಡದ್ಲೇನವ್ವ? ಖರೇನ ಕುಡದ್ಲೇನು?"

"ಒಂದು ಚಮಚ. ಅರ್ಧ ಹೊರಗ ಬಂತು, ಅರ್ಧ ಹೋಯ್ತು."

"ಏನರೆ ಅಂದ್ಲೇನು?"

ಇದನ್ನು ಅವಳು ನನಗೂ ಹೇಳಿರಲಿಲ್ಲ. "ಮುತ್ಯಾ ಎಲ್ಲಿ ಅಂದ್ಲು. ಹೊರಗ ಹೋಗ್ಯಾನ, ಕರೀಲೇನು ಅಂದೆ. ಬ್ಯಾಡ, ಕುಡೀಲಿ ಬಿಡು, ಹುಚ್ಚ ನನ್ನ ಮುಂದ ಕುಡಿಯಂಗಿಲ್ಲ ಅಂದ್ಲು."

ಮರಿಲಿಂಗಪ್ಪ ಗೇಟಿನ ಸರಳು ಹಿಡಿದುಕೊಂಡ.

"ಗೊತ್ತಿತ್ತೇನು ಆಕೀಗಿ?"

"ಎಲ್ಲಾ ಗೊತ್ತಿತ್ತು. ಚಮಚ ಬಿಟ್ಟ ಮ್ಯಾಲ ಮುಖ ಹಿಂಗ ಮಾಡಿದ್ಲು." ಅಂಬರೀನ ಮೂಗು ಸೊಟ್ಟ ಮಾಡಿ ತೋರಿಸಿದಳು. "ಇದು ಹೊಳಿ ನೀರಲ್ಲ ಅಂದ್ಲು. ಅಲ್ಲ ಆಯಿ, ನಳದ್ದು ಅಂದೆ. ಆಮ್ಯಾಲ ಕೈ ಸನ್ನಿ ಮಾಡಿ ನಿಮ್ಮನ್ನ ಕರೀ ಅಂದ್ಲು. ಆಯಾ ಬಾಗಲದಾಗ ನಿಂತು ಒದರಿದ್ಲು ಮುತ್ಯಾ, ಬಾಳ ಒದರಿದ್ಲು. ನಿಮಗ ಮುಟ್ಟಲಿಲ್ಲ."

ಅವನು ನಕ್ಕನೋ ಅತ್ತನೋ ಹೇಳಲಾರೆ. "ಹೊಳಿ ನೀರಲ್ಲಂತ!" ಎಂದು ಮಲ್ಲಿನಾಥನ ಕಡೆ ತಿರುಗಿದ. "ಸಾಯೋ ಮುಂದನೂ ಹೆಸರಿಟ್ಟಾಳ ನಿಮ್ಮ ನಳಕ್ಕ. ಆಕೀನೇ. ಬ್ಯಾರೆ ಯಾರೂ ಅಲ್ಲ." ಬೆರಳಿನಿಂದ ಕಣ್ಣು ಒರೆಸಿಕೊಂಡು ಅಂಬರೀನಳಿಗೆ ಹೇಳಿದ: "ಮಗಳ, ನಾಳಿ ಬರಬೇಕು ನೀ."

"ನಾ ಬಂದು ಮೊದಲ ತುತ್ತು ಉಂಡ್ರ ನಿಮ್ಮ ಮಂದಿ ಏನಂತಾರ ಮುತ್ಯಾ?"

"ಏನಂತಾರ? ಆಕಿ ಹುಟ್ಟಿದ್ದೇ ದರ್ಗಾದ ಹರಕಿಲೆ. ಅದಕ್ಕ ಸಾಯಬಮ್ಮ ಅಂತ ಹೆಸರಿಟ್ಟಾರ. ನಮ್ಮ ಮಂದಿ ನಿನ್ನ ಹಾದಿ ಕಾಯ್ತಾರ. ನಿಮ್ಮ ತಾಯೀನೂ ಕರಕೊಂಡು ಬಾ." ಆಮೇಲೆ ಮಲ್ಲಿನಾಥನನ್ನು ಕೆಕ್ಕರಿಸಿ ನೋಡಿದ. "ನೀನೂ ಬಾರೋ, ಹೆಸರು ಹೇಳದ ಮಗನೆ. ನಿಮ್ಮ ಡಾಕ್ಟರಿಗೂ ಹೇಳು. ಆ ಆಯಾಗೂ ಹೇಳು, ಆಕಿ ನಮ್ಮಾಕಿ ಬಟ್ಟಿ ಒಗದಾಳ. ಎಲ್ಲಾರೂ ಬರ್ರಿ."

ಡಾಕ್ಟರು ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ಮರಿಲಿಂಗಪ್ಪ ಅಲ್ಲಿಂದಲೇ ಅವರಿಗೆ ಕೈ ಮುಗಿದ. ಅವರೂ ಮುಗಿದರು. ನಾಳೆ ಅಂಬರೀನಳಿಗೆ ರಜೆ ಎಂದು ನಾನು ಮನಸ್ಸಿನಲ್ಲೇ ಪಾಳಿ ಹೊಂದಿಸತೊಡಗಿದೆ; ಅವಳ ಬದಲು ಬೆಳಗಿನವಳನ್ನು ಸಂಜೆಯ ತನಕ ನಿಲ್ಲಿಸಬೇಕು, ಚಮನಬೀಯನ್ನು ಬಸ್ಸಿಗೆ ಹತ್ತಿಸಲು ನಮ್ಮ ಮನೆಯವರಿಗೆ ಹೇಳಬೇಕು.

ಬಸ್ಸಿನ ಹೊತ್ತಾಯಿತು ಎಂದು ಅವನು ಹೊರಟ. ಗುಲಾಬಿ ಮುಚ್ಚಳದ ಬಾಟಲಿಯನ್ನು ಮಗಳ ಕೈಗೆ ಕೊಟ್ಟ. ಅದರಲ್ಲಿ ಒಂದು ಗುಟುಕು ಕಡಿಮೆಯಾಗಿತ್ತೋ ಇಲ್ಲವೋ ನಾನು ನೋಡಲಿಲ್ಲ. ಮೌನಿಕಾ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅವನು ಒಂದೆರಡು ಹೆಜ್ಜೆ ಹೋಗಿ ನಿಂತ. ನಳ ನೋಡಿದ. ಕಂಪೌಂಡಿನ ಒಳಗೆ, ಕಟ್ಟಡದ ಹಿಂದೆ ಇದ್ದ ವಾರ್ಡಿನ ಕಡೆ ನೋಡಿದ. ಮರಳಿ ನನ್ನ ಹತ್ತಿರ ಬಂದ.

"ಯವ್ವಾ, ನೀ ಕಿಟಕ್ಯಾಗ ಕುಂತಾಕಿ. ನಿನ್ನ ಮಾತು ಡಾಕ್ಟರು ಕೇಳ್ತಾರ. ನಂದೊಂದು ಕೆಲಸ ಮಾಡಿಕೊಡ್ತೀಯೇನು?"

"ಹೇಳ್ರಿ ಕಾಕಾ."

"ಅಂಥಾ ಬೋರ್ಡು ಇನ್ನಾ ಯಾರ್ಯಾರ ತಲಿ ಮ್ಯಾಲ ಹಾಕ್ತೀರೋ. ಅವರ ಮನಿ ಮಂದೀನೂ ನನ್ನಂಗ ಎದ್ದು ಹೊರಗ ಬರ್ತಾರ. ಈ ನಳಕ್ಕ ಕೂಗು ಮುಟ್ಟಂಗಿಲ್ಲ ಯವ್ವ. ವಾರ್ಡಿನ ಬಾಗಲದ ಹೊರಗ, ಗ್ವಾಡಿ ಮರೀಗಿ, ಒಂದು ಮಣ್ಣಿನ ಹರವಿ ಇಡಸು. ಒಳಗ ಮಲಗಿದವರಿಗಿ ಕಾಣಬಾರದು. ಆದರ ಕರದ್ರ ಕೇಳಬೇಕು, ಅಷ್ಟು ಹತ್ತಿರ. ಹರವಿ ನಾ ಊರಿಂದ ತರ್ತೀನಿ. ದಿನಾ ನೀರು ತುಂಬಿಸೋದು ನೀ ನೋಡಿಕೋ."